ಚಿಲಿಕಾದಲ್ಲಿ ಮೀನಿನ ಕಿವಿರು ನೋಡುತ್ತಾ

ಭಾನುವಾರ, ರಂಭಾ

ಒಡಿಶಾದ ಬ್ರಹ್ಮಪುರದಲ್ಲಿ ರೈಲು ಇಳಿದು ರಂಭಾ ತಲುಪುವಾಗ ಮಧ್ಯಾಹ್ನವಾಗಿತ್ತು. ಒಂದು ಕಡೆ ಪೂರ್ವಘಟ್ಟದ ಗುಡ್ಡಗಳು, ಇನ್ನೊಂದು ಕಡೆ ಚಿಲಿಕಾ. ಎಲ್ಲರೂ ಸರೋವರ ಅಂತಲೇ ಕರೆಯುತ್ತಾರೆ, ಆದರೆ ಇದು ಲಗೂನ್. ಸಮುದ್ರಕ್ಕೂ ಇದಕ್ಕೂ ನಡುವೆ ಉದ್ದನೆಯ ಮರಳಿನ ಪಟ್ಟಿ ಇದೆ. ಆ ಪಟ್ಟಿಯಲ್ಲಿ ಅಳಿವೆ ಇದೆ. ಉಪ್ಪುನೀರು ಅಲ್ಲಿಂದ ಒಳಗೆ ಬರುತ್ತದೆ. ಇನ್ನೊಂದು ತುದಿಯಲ್ಲಿ ಮಹಾನದಿಯ ಕವಲುಗಳು ಸಿಹಿನೀರು ತಂದು ಸುರಿಯುತ್ತವೆ. ಬೇಸಿಗೆಯಲ್ಲಿ ಸುಮಾರು 900 ಚದರ ಕಿ.ಮೀ. ಇರುವ ನೀರು ಮಳೆಗಾಲದಲ್ಲಿ 1,165 ಚದರ ಕಿ.ಮೀ. ವರೆಗೆ ಹಬ್ಬುತ್ತದೆ. ಭಾರತದ ಅತಿ ದೊಡ್ಡ ಲಗೂನ್ ಇದು.

ನನ್ನ ಚಿಕ್ಕಪ್ಪನ ಮಗಳು ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವಳು. ಈಗ ಚಿಲಿಕಾದ ನೀರು ಮತ್ತು ಮೀನಿನ ಆರೋಗ್ಯ ನೋಡುವ ಒಂದು ತಂಡದಲ್ಲಿದ್ದಾಳೆ. ಜನವರಿಯ ಮಾದರಿ ಸಂಗ್ರಹಕ್ಕೆ ಹೊರಟಾಗ, "ಅಣ್ಣ, ಸುಮ್ನೆ ನೋಡಕ್ಕೆ ಬರೋದಾದ್ರೆ ಬೇಡ. ಐಸ್ ಪೆಟ್ಟಿಗೆ ಹೊತ್ತು, ಪುಸ್ತಕದಲ್ಲಿ ಬರ್ಕೊಳ್ಳೋದಾದ್ರೆ ಬಾ" ಅಂದಿದ್ದಳು. ನಾವು ಕುಮಟಾದ ಕಡೆಯವರು. ಅಘನಾಶಿನಿ ಅಳಿವೆಯ ದಡದಲ್ಲಿ ಬೆಳೆದವರಿಗೆ ಇಂಥ ಕರೆ ಬಂದರೆ ಬೇಡ ಅನ್ನುವುದು ಹೇಗೆ?

ಸಂಜೆ ದೋಣಿಯಲ್ಲಿ ಕೊಲ್ಲಿಯೊಳಗೆ ಹೋದೆವು. ಚಿಲಿಕಾದ ದಕ್ಷಿಣ ಭಾಗ ಇದು. ದೊಡ್ಡ ನದಿ ಯಾವುದೂ ಇಲ್ಲಿಗೆ ಬಂದು ಸೇರುವುದಿಲ್ಲ, ಹಾಗಾಗಿ ಕೆಸರು ಕಮ್ಮಿ. ತಂಗಿ ಸೆಕ್ಕಿ ಡಿಸ್ಕ್ ಇಳಿಸಿದಳು. ಕಪ್ಪು ಬಿಳುಪಿನ ತಟ್ಟೆ ಅದು, ಹಗ್ಗಕ್ಕೆ ಕಟ್ಟಿರುತ್ತಾರೆ. ತಟ್ಟೆ ಎಷ್ಟು ಆಳದಲ್ಲಿ ಕಣ್ಣಿಗೆ ಮರೆಯಾಗುತ್ತದೋ ಅಷ್ಟು ತಿಳಿ ನೀರು ಅಂತ ಲೆಕ್ಕ. ಇಲ್ಲಿ ತಟ್ಟೆ ತಳ ಮುಟ್ಟುವವರೆಗೂ ಕಾಣುತ್ತಿತ್ತು. ತಳದಲ್ಲಿ ಕಡಲ ಹುಲ್ಲು ಹರಡಿತ್ತು. ಮರಿ ಮೀನು, ಸೀಗಡಿ ಮರಿ ಬೆಳೆಯುವುದು ಆ ಹುಲ್ಲಿನ ನಡುವೆಯೇ. ಬೆಳಕು ತಳಕ್ಕೆ ಹೋಗದಿದ್ದರೆ ಹುಲ್ಲು ಸಾಯುತ್ತದೆ. ಹುಲ್ಲು ಸತ್ತರೆ ಮರಿಗಳಿಗೆ ಮನೆ ಇಲ್ಲ.

ದೂರದಲ್ಲಿ ಬರ್ಕುಡಾ ದ್ವೀಪ ಕಂಡಿತು. ಚಿಲಿಕಾದ ಜೀವಿಗಳನ್ನು ಮೊದಲ ಬಾರಿಗೆ ವ್ಯವಸ್ಥಿತವಾಗಿ ದಾಖಲಿಸಿದ ಪ್ರಾಣಿಶಾಸ್ತ್ರಜ್ಞ ನೆಲ್ಸನ್ ಆನಂಡೇಲ್, ಕಾಲೇ ಇಲ್ಲದ ಒಂದು ಹಲ್ಲಿಯನ್ನು ಈ ದ್ವೀಪದಲ್ಲಿ ಕಂಡು 1917ರಲ್ಲಿ ಅದರ ಬಗ್ಗೆ ಬರೆದರು. ನೂರು ವರ್ಷ ಹಿಂದೆ ಏನೇನಿತ್ತು ಅನ್ನುವ ಪಟ್ಟಿ ಇದೆಯಲ್ಲ, ಅದೇ ದೊಡ್ಡ ಭಾಗ್ಯ. ನಮ್ಮೂರಿನ ಎಷ್ಟೋ ಅಳಿವೆಗಳಿಗೆ ಅಂಥ ಹಳೆಯ ಪಟ್ಟಿಯೇ ಇಲ್ಲ.

ಸೋಮವಾರ, ಬಾಲುಗಾಂವ್

ಬೆಳಗಿನ ಜಾವವೇ ಬಾಲುಗಾಂವ್‌ನ ಮೀನು ಇಳಿಸುವ ಜಾಗಕ್ಕೆ ಹೋದೆವು. ಬುಟ್ಟಿ ಬುಟ್ಟಿ ಮೀನು. ಖಯಿಂಗಾ, ಅಂದರೆ ದೊಡ್ಡ ಮಲ್ಲೆಟ್. ಭೇಕ್ಟಿ. ಹುಲಿಸೀಗಡಿ. ಹುಲ್ಲಿನ ಹಗ್ಗದಲ್ಲಿ ಕೊಂಡಿ ಕಟ್ಟಿದ ಏಡಿಗಳು. ಹರಾಜು ಎಷ್ಟು ಬೇಗ ಮುಗಿಯುತ್ತದೆ ಅಂದರೆ, ನಮಗೆ ಬೇಕಾದ ಮೀನನ್ನು ಮೊದಲೇ ಮಾತಾಡಿ ಎತ್ತಿಡಬೇಕು. ಆ ಕೆಲಸಕ್ಕೆ ತಂಡದ ಜತೆ ಬಹಳ ವರ್ಷದಿಂದ ಇರುವ ಹಿರಿಯ ಮೀನುಗಾರರೊಬ್ಬರು ಬಂದಿದ್ದರು. ಎಲ್ಲರೂ ಅವರನ್ನು ಮೌಸಾ ಅನ್ನುತ್ತಾರೆ. ನಾನೂ ಹಾಗೇ ಕರೆದೆ.

ಮೀನಿನ ಆರೋಗ್ಯ ನೋಡುವುದು ಹೇಗೆ ಅಂತ ನನಗೆ ನಿಜವಾಗಿ ಗೊತ್ತಾದದ್ದು ಇವತ್ತು.

ಮೊದಲು ಉದ್ದ, ಆಮೇಲೆ ತೂಕ. ತೂಕವನ್ನು ನೂರರಿಂದ ಗುಣಿಸಿ, ಉದ್ದದ ಘನದಿಂದ ಭಾಗಿಸುತ್ತಾರೆ. 30 ಸೆಂ.ಮೀ. ಉದ್ದದ ಮೀನು 270 ಗ್ರಾಂ ತೂಗಿದರೆ ಉತ್ತರ 1. ಅದೇ ಉದ್ದದ ಇನ್ನೊಂದು ಮೀನು 200 ಗ್ರಾಂ ಮಾತ್ರ ಇದ್ದರೆ ಅದು ಸೊರಗಿದೆ ಅಂತ. ಆದರೆ ಖಯಿಂಗಾವನ್ನು ಖಯಿಂಗಾದ ಜತೆಗೇ ಹೋಲಿಸಬೇಕು, ಅದೂ ಅದೇ ಹಂಗಾಮಿನ ಮೀನಿನ ಜತೆ. ಮೊಟ್ಟೆ ಹಾಕಿ ಬಂದ ಮೀನು ಹೇಗೂ ಬಡಕಲಾಗಿರುತ್ತದೆ. ಅದನ್ನು ರೋಗ ಅನ್ನಲಾಗದು.

ಆಮೇಲೆ ಮೈ. ಹುರುಪೆ ಉದುರಿದೆಯಾ, ರೆಕ್ಕೆಯ ಅಂಚು ಕೊಳೆತಿದೆಯಾ, ಎಲ್ಲಾದರೂ ಕೆಂಪು ಹುಣ್ಣು ಇದೆಯಾ. ಶಿಲೀಂಧ್ರದಂಥ ಒಂದು ಜೀವಿಯಿಂದ ಬರುವ, ಮೈಮೇಲೆ ಹುಣ್ಣು ತರುವ ರೋಗ 1988ರಲ್ಲಿ ಭಾರತಕ್ಕೆ ಬಂತು. ಉಪ್ಪು ಇಳಿದ, ತಣ್ಣಗಿನ ನೀರಿನಲ್ಲಿ ಅದರ ಹಾವಳಿ ಜಾಸ್ತಿ. ಹಾಗಾಗಿ ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ಹುಣ್ಣಿಗಾಗಿ ಹುಡುಕಲೇಬೇಕು.

ಆಮೇಲೆ ಕಿವಿರು. ತಂಗಿ ಮುಚ್ಚಳ ಎತ್ತಿ ತೋರಿಸಿದಳು. ಆರೋಗ್ಯದ ಕಿವಿರು ಕಡುಕೆಂಪು, ಎಳೆ ಎಳೆಯಾಗಿ ಬಿಡಿ ಬಿಡಿ. ಕೆಟ್ಟ ನೀರಿನಲ್ಲಿದ್ದ ಮೀನಿನ ಕಿವಿರು ಮಂಕಾಗಿ, ಲೋಳೆ ಕಟ್ಟಿ, ಎಳೆಗಳು ಒಂದಕ್ಕೊಂದು ಅಂಟಿರುತ್ತವೆ. ಅಮೋನಿಯ, ಲೋಹ, ಎಣ್ಣೆ ಎಲ್ಲಕ್ಕೂ ಮೊದಲು ಎದುರಾಗುವುದು ಕಿವಿರೇ. ಕೆಲವು ಮೀನಿನ ಕಿವಿರಿನೊಳಗೆ ಹೇನಿನಂಥ ಹುಳ ಕೂತಿತ್ತು. ಒಂದೆರಡಿದ್ದರೆ ಚಿಂತೆಯಿಲ್ಲ. ಬುಟ್ಟಿಯ ಅರ್ಧ ಮೀನಿನಲ್ಲಿ ಇದ್ದರೆ ಮೀನಿನ ಶಕ್ತಿ ಕುಂದಿದೆ ಅಂತ ತಿಳಿಯಬೇಕು.

ಕೊನೆಗೆ ಹೊಟ್ಟೆ ಸೀಳಿ ಪಿತ್ತಜನಕಾಂಗ ತೂಗಿದರು. ಅದರ ಬಣ್ಣ ಬರೆದುಕೊಂಡರು. ಕರುಳಿನಲ್ಲಿ ಪ್ಲಾಸ್ಟಿಕ್ ಎಳೆ ಇದೆಯೇ ಅಂತ ನೋಡಲು ಅದನ್ನು ಬೇರೆ ಡಬ್ಬಿಗೆ ಹಾಕಿದರು. ಕಿವಿರಿನ ಒಂದು ಚೂರು ಫಾರ್ಮಲಿನ್‌ಗೆ, ಮಾಂಸದ ಒಂದು ಚೂರು ಐಸ್‌ಗೆ. ಸೀಸ, ಪಾದರಸ, ಕ್ಯಾಡ್ಮಿಯಂ ಇದೆಯೇ ಅನ್ನುವುದು ಪ್ರಯೋಗಾಲಯದಲ್ಲಿ ಗೊತ್ತಾಗಬೇಕು.

"ನೀರಿನ ಬಾಟಲಿ ಹೇಳೋದು ಆ ಗಳಿಗೆ ಮಾತು ಅಣ್ಣ" ಅಂದಳು ತಂಗಿ. "ನಿನ್ನೆ ರಾತ್ರಿ ಕೊಳಕು ಹರಿದು ಹೋಗಿದ್ರೆ ಇವತ್ತು ಬಾಟಲಿಗೆ ಸಿಗಲ್ಲ. ಮೀನು ಆ ನೀರಲ್ಲೇ ತಿಂಗಳುಗಟ್ಟಲೆ ಇದ್ದದ್ದು ಅಲ್ವಾ?"

ಚಿಲಿಕಾದ ಬಗ್ಗೆ ಮಾತಾಡುವಾಗ ಎಲ್ಲರೂ ಟನ್ ಲೆಕ್ಕ ಹೇಳುತ್ತಾರೆ. ಆ ಲೆಕ್ಕ ದೊಡ್ಡದೇ. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ 8,000 ಟನ್ ದಾಟಿದ್ದ ಮೀನು, ಸೀಗಡಿ, ಏಡಿಯ ಇಳುವರಿ 1999–2000ರ ಹೊತ್ತಿಗೆ 1,750 ಟನ್ ಆಸುಪಾಸಿಗೆ ಕುಸಿದಿತ್ತು. 2000ದಲ್ಲಿ ಮರಳಿನ ಪಟ್ಟಿ ಸೀಳಿ ಹೊಸ ಅಳಿವೆ ತೆರೆದ ಮೇಲೆ 2001–02ರಲ್ಲಿ ಸುಮಾರು 12,000 ಟನ್‌ಗೆ ಏರಿತು. ಇದು ನಿಜವಾದ ಗೆಲುವು, ಎರಡು ಮಾತಿಲ್ಲ. ಆದರೆ ಹರಾಜಿನ ಮೂಲೆಯಲ್ಲಿ ಒಂದು ರಾಶಿ ಬಿದ್ದಿತ್ತು. ಬೆರಳುದ್ದದ ಮೀನುಗಳು, ಜಾತಿ ಬೇರೆ ಮಾಡದೆ ಸುರಿದದ್ದು. ಅವೂ ತೂಕಕ್ಕೆ ಸೇರುತ್ತವೆ. ಟನ್ ಲೆಕ್ಕದಲ್ಲಿ ಒಂದು ದೊಡ್ಡ ಖಯಿಂಗಾಕ್ಕೂ ಅಷ್ಟೇ ತೂಕದ ಮರಿಗಳ ರಾಶಿಗೂ ವ್ಯತ್ಯಾಸ ಕಾಣುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಪ್ರವಾಸದ ಮುಖ್ಯ ವಿಷಯ ಇದೇ. ಲಗೂನ್ ಉಳಿದಿದೆಯೇ ಅಂತ ತಿಳಿಯಲು ತೂಕ ಮಾತ್ರ ಸಾಲದು. ಒಂದೊಂದು ಮೀನಿನ ಅಳತೆ ಬೇಕು, ಮೈ ನೋಡಬೇಕು, ಕಿವಿರು ನೋಡಬೇಕು.

ಮಧ್ಯಾಹ್ನ ಸಾಸಿವೆ ಅರೆದು ಹಾಕಿದ ಮೀನಿನ ಸಾರು, ಅನ್ನ. ಬೆಳಿಗ್ಗೆಯಿಂದ ಅಷ್ಟು ಕಿವಿರು ನೋಡಿದ ಮೇಲೂ ಹೊಟ್ಟೆ ತುಂಬ ಉಂಡೆವು.

ಮಂಗಳವಾರ, ನಳಬಣ ಮತ್ತು ಗೇರಿಗಳು

ನಳಬಣ ಪಕ್ಷಿಧಾಮದ ಒಳಗೆ ದೋಣಿ ಹೋಗುವಂತಿಲ್ಲ. ಅಂಚಿನಲ್ಲಿ ನಿಂತೇ ಮಾದರಿ ತೆಗೆದೆವು. ಸುಮಾರು 15.5 ಚದರ ಕಿ.ಮೀ.ನ ಈ ತಗ್ಗು ದ್ವೀಪ ಮಳೆಗಾಲದಲ್ಲಿ ಮುಳುಗಿ, ನೀರು ಇಳಿದಾಗ ಮೇಲೆ ಬರುತ್ತದೆ. ಸೂಜಿಬಾಲದ ಬಾತುಗಳು, ರಾಜಹಂಸಗಳು. ಬರೆಯುತ್ತಾ ಕೂತರೆ ಹಕ್ಕಿಗಳದ್ದೇ ಬೇರೆ ಕಥೆ ಆಗುತ್ತದೆ.

ದಾರಿಯಲ್ಲಿ ಗೇರಿಗಳು ಕಂಡವು. ನೀರಿನ ನಡುವೆ ಬಿದಿರು ನೆಟ್ಟು, ಬಲೆ ಸುತ್ತಿ, ಒಳಗೆ ಸೀಗಡಿ ಸಾಕುವ ಆವರಣ ಇದು. ನಮ್ಮೂರ ಕಡೆಯ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಭತ್ತದ ಬೆಳೆ ಮುಗಿದ ಮೇಲೆ ಸೀಗಡಿ ಬಿಡುತ್ತಾರಲ್ಲ, ಹಾಗಲ್ಲ. ಗೇರಿ ನಿಲ್ಲುವುದು ಎಲ್ಲರಿಗೂ ಸೇರಿದ ನೀರಿನಲ್ಲಿ. ಅದು ಮೀನಿನ ದಾರಿ ಕಟ್ಟುತ್ತದೆ. ಹರಿವು ನಿಧಾನವಾಗಿ ಕೆಸರು ಕೂರುತ್ತದೆ. ಹಾಕಿದ ಆಹಾರ ತಳದಲ್ಲಿ ಕೊಳೆಯುತ್ತದೆ. ಬಡ ಮೀನುಗಾರನ ದೋಣಿ ಸುತ್ತಿ ಬಳಸಿ ಹೋಗಬೇಕಾಗುತ್ತದೆ.

ಈ ಜಗಳ ಹಳೆಯದು. 1990ರ ದಶಕದ ಆರಂಭದಲ್ಲಿ ದೊಡ್ಡ ಸೀಗಡಿ ಯೋಜನೆಯ ವಿರುದ್ಧ ಇಲ್ಲಿನ ಮೀನುಗಾರರು, ವಿದ್ಯಾರ್ಥಿಗಳು ಚಿಲಿಕಾ ಬಚಾವೋ ಆಂದೋಲನ ಕಟ್ಟಿದರು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಚಿಲಿಕಾ ಮತ್ತು ಆಂಧ್ರ–ತಮಿಳುನಾಡು ಗಡಿಯ ಪುಲಿಕಾಟ್ ಲಗೂನ್‌ನಿಂದ 1,000 ಮೀಟರ್ ಒಳಗೆ ಸೀಗಡಿ ಕೃಷಿ ಕೂಡದು ಎಂದಿತು. 1999ರ ಮೇ ತಿಂಗಳಲ್ಲಿ ಸೊರಾಣದಲ್ಲಿ ಗೋಲಿಬಾರ್ ಆಗಿ ನಾಲ್ವರು ಸತ್ತರು. ಆಮೇಲೂ ಗೇರಿ ಕಿತ್ತು ಹಾಕುವುದು, ಮತ್ತೆ ತಲೆ ಎತ್ತುವುದು ನಡೆದೇ ಇದೆ. ಮೌಸಾ ಇದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ. ದೋಣಿಯ ಮುಂದೆ ಕೂತು ಬಿದಿರು ಎಲ್ಲೆಲ್ಲಿದೆ ಅಂತ ಬೆರಳು ತೋರಿಸುತ್ತಾ ಹೋದರು.

ಗೇರಿಯ ಹತ್ತಿರ ತಳದ ಕೆಸರು ಎತ್ತಿದೆವು. ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ತಳದಲ್ಲಿ ಆಮ್ಲಜನಕ ಇಲ್ಲದ ಗುರುತು ಅದು. ಅಲ್ಲಿಂದ ಸ್ವಲ್ಪ ದೂರ, ನೀರು ಓಡುವ ಕಡೆ ಎತ್ತಿದ ಕೆಸರು ಬೂದು ಬಣ್ಣದ್ದು. ಅದರಲ್ಲಿ ಹುಳಗಳೂ ಚಿಕ್ಕ ಚಿಪ್ಪುಗಳೂ ಜೀವಂತವಾಗಿದ್ದವು.

ಬುಧವಾರ, ಮಂಗಳಾಜೋಡಿ

ಉತ್ತರ ಭಾಗಕ್ಕೆ ಬಂದರೆ ಇದು ಅದೇ ಚಿಲಿಕಾವೇ ಅಂತ ಅನುಮಾನ ಬರುತ್ತದೆ. ಆಳವಿಲ್ಲ. ಎತ್ತರದ ಜೊಂಡು. ನೀರಿಗೆ ಉಪ್ಪಿನ ರುಚಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮಹಾನದಿಯ ಕವಲುಗಳಾದ ದಯಾ, ಭಾರ್ಗವಿ ಎಲ್ಲ ಇತ್ತಲೇ ಬಂದು ಸೇರುವುದು. ಮಣ್ಣು ತರುವುದೂ ಅವೇ. ಗದ್ದೆಯ ಗೊಬ್ಬರ, ಊರಿನ ಕೊಳಕು ಬರುವುದೂ ಅವುಗಳ ಜತೆಯೇ. ಸೆಕ್ಕಿ ತಟ್ಟೆ ಇಳಿಸಿದ ಕೂಡಲೇ ಕಾಣದಾಯಿತು.

ಮಂಗಳಾಜೋಡಿಯಲ್ಲಿ ಒಂದು ಕಾಲಕ್ಕೆ ಹಕ್ಕಿ ಬೇಟೆಯೇ ಕಸುಬಾಗಿತ್ತು. ಆ ಬೇಟೆಗಾರರಲ್ಲೇ ಅನೇಕರು ಈಗ ಹಕ್ಕಿ ಕಾಯುತ್ತಾರೆ, ಬಂದವರಿಗೆ ದೋಣಿಯಲ್ಲಿ ತೋರಿಸುತ್ತಾರೆ. ನಮ್ಮ ದೋಣಿ ಹುಟ್ಟಿನದು. ಎಂಜಿನ್ ಸದ್ದು ಇಲ್ಲದ ಕಾರಣ ಹಕ್ಕಿಗಳು ಕೈಗೆ ಸಿಗುವಷ್ಟು ಹತ್ತಿರ ಇದ್ದವು.

ಇಲ್ಲಿಗೆ ಸೂರ್ಯ ಹುಟ್ಟುವ ಮೊದಲೇ ಬಂದದ್ದಕ್ಕೆ ಕಾರಣ ಇತ್ತು. ಹಗಲು ಪಾಚಿ, ಕಳೆ ಎಲ್ಲ ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಮೀನಿನ ಹಾಗೆಯೇ ಆಮ್ಲಜನಕ ಎಳೆದುಕೊಳ್ಳುತ್ತವೆ. ಗೊಬ್ಬರ ಜಾಸ್ತಿಯಾಗಿ ಕಳೆ ಕೊಬ್ಬಿದ ನೀರಿನಲ್ಲಿ ಬೆಳಗಿನ ಜಾವ ಆಮ್ಲಜನಕ ತೀರಾ ಕೆಳಗೆ ಇಳಿಯುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಹೆಚ್ಚಿನ ಮೀನು ಆರಾಮ. 2ಕ್ಕಿಂತ ಕೆಳಗೆ ಹೋದರೆ ಓಡಿಹೋಗುತ್ತದೆ, ಇಲ್ಲವೇ ಸಾಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಅಳೆದು ಎಲ್ಲ ಸರಿ ಇದೆ ಅಂತ ಬರೆಯುವುದು ಬಹಳ ಸುಲಭ. ಮೀನಿಗೆ ಕಷ್ಟ ಬರುವುದು ನಸುಕಿನಲ್ಲಿ.

ತಂಗಿಯ ಬಳಿ ವಿದ್ಯುತ್ ಮಾಪಕ ಇತ್ತು, ಆದರೂ ಅದನ್ನು ಪರೀಕ್ಷಿಸಲು ಹಳೆಯ ವಿಂಕ್ಲರ್ ವಿಧಾನವನ್ನೂ ಮಾಡಿದಳು. ಗಾಳಿಗುಳ್ಳೆ ಸೇರದಂತೆ ಬಾಟಲಿ ತುಂಬಿ ಎರಡು ದ್ರಾವಣ ಹಾಕಬೇಕು. ಆಮ್ಲಜನಕ ಇದ್ದರೆ ಕಂದು ಬಣ್ಣದ ಗಸಿ ಕೂರುತ್ತದೆ. ಎಷ್ಟು ಕಂದು, ಅಷ್ಟು ಆಮ್ಲಜನಕ. ಇಲ್ಲದಿದ್ದರೆ ಗಸಿ ಬೆಳ್ಳಗೇ ಇರುತ್ತದೆ. ಜೊಂಡಿನ ನಡುವೆ ನಿಂತ ನೀರಿನಲ್ಲಿ ಮಂಕಾದ ಕಂದು ಬಂತು. ತೆರೆದ ಕಾಲುವೆಯಲ್ಲಿ ಬಣ್ಣ ಚೆನ್ನಾಗಿ ಏರಿತು. ಎರಡೂ ಜಾಗದ ನಡುವೆ ದೋಣಿಯ ದಾರಿ ತೀರಾ ಚಿಕ್ಕದು.

ಗುರುವಾರ, ದಯಾ ನದಿ

ಇವತ್ತು ಚಿಲಿಕಾ ಬಿಟ್ಟು ಮೇಲಕ್ಕೆ, ಭುವನೇಶ್ವರಕ್ಕೆ. ಲಗೂನ್ ಪರೀಕ್ಷೆ ಲಗೂನ್ ದಡದಲ್ಲೇ ಮುಗಿದರೆ ಅದು ಅರ್ಧ ಪರೀಕ್ಷೆ.

ನಗರದ ಪೂರ್ವ ಅಂಚಿನಲ್ಲಿ ಗಂಗುವಾ ಹರಿಯುತ್ತದೆ. ಊರಿನ ದೊಡ್ಡ ಚರಂಡಿಗಳ ನೀರೆಲ್ಲ ಅದಕ್ಕೆ ಬಂದು ಬೀಳುತ್ತದೆ. ಗಂಗುವಾ ಹೋಗಿ ದಯಾ ಸೇರುತ್ತದೆ, ದಯಾ ಹೋಗಿ ಚಿಲಿಕಾ ಸೇರುತ್ತದೆ. ಸೇತುವೆಯ ಕೆಳಗೆ ಬಾಟಲಿ ತುಂಬಿದೆವು. ಕೈಗವಸು ಹಾಕಿಕೊಂಡೇ. ವಿಂಕ್ಲರ್ ದ್ರಾವಣ ಹಾಕಿದಾಗ ಗಸಿ ಹೆಚ್ಚುಕಮ್ಮಿ ಬೆಳ್ಳಗೆ ಉಳಿಯಿತು. ನಿನ್ನೆ ಕಂದು ಬಣ್ಣ ನೋಡಿದ್ದ ನನಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಧೌಲಿ ಗುಡ್ಡದ ಬುಡದಲ್ಲಿ ದಯಾ ಅಗಲವಾಗಿದೆ. ಕ್ರಿ.ಪೂ. 261ರ ಸುಮಾರಿನ ಕಳಿಂಗ ಯುದ್ಧದ ಜಾಗ ಇದು ಎನ್ನುತ್ತಾರೆ. ಅಶೋಕನ ಬಂಡೆ ಶಾಸನ ಗುಡ್ಡದ ಮೇಲಿದೆ. ಕಳಿಂಗದ ಜನರಿಗಾಗಿಯೇ ಬರೆಸಿದ ವಿಶೇಷ ಶಾಸನಗಳು ಇಲ್ಲಿವೆ. ಅವೇ ಶಾಸನಗಳು ಅಷ್ಟು ದೂರದ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೂ ಸಿಕ್ಕಿವೆ. ತಂಗಿಗೆ ಅದನ್ನು ಹೇಳಿದೆ. ಅವಳು ನದಿಯ ಕಡೆಗೇ ನೋಡುತ್ತಿದ್ದಳು. "ಪ್ರಜೆಗಳೆಲ್ಲ ನನ್ನ ಮಕ್ಕಳು ಅಂದ ಜಾಗ ಇದೇ ಅಲ್ವಾ ಅಣ್ಣ? ಅದರ ಕೆಳಗಿನ ನದಿಗೆ ಈ ಗತಿ ಬರಬಾರದಿತ್ತು" ಅಂದಳು.

ನನ್ನ ಅಭಿಪ್ರಾಯ ಇಷ್ಟೇ. ನಗರದ ಕೊಳಚೆ ಶುದ್ಧ ಮಾಡುವ ಕೆಲಸವನ್ನು ಚಿಲಿಕಾ ಸಂರಕ್ಷಣೆಯ ಕೆಲಸ ಅಂತಲೇ ಎಣಿಸಬೇಕು. ಅಳಿವೆ ಎಷ್ಟೇ ತೆರೆದಿರಲಿ, ಮೇಲಿನಿಂದ ಬರುವ ನೀರು ಹೀಗೇ ಬಂದರೆ ಉತ್ತರ ಭಾಗದ ಮೀನಿಗೆ ಉಸಿರು ಸಿಗುವುದಿಲ್ಲ.

ಶುಕ್ರವಾರ, ಸಾತಪಡಾ

ಪುರಿಯ ದಾರಿಯಾಗಿ ಸಾತಪಡಾಕ್ಕೆ ಬಂದೆವು. ಇಲ್ಲಿ ಚಿಲಿಕಾ ಕಿರಿದಾಗಿ ಸಮುದ್ರದ ಕಡೆ ಹರಿಯುತ್ತದೆ. ಇರಾವಡಿ ಡಾಲ್ಫಿನ್‌ಗಳ ಜಾಗ. ಈಚಿನ ವರ್ಷಗಳ ಎಣಿಕೆಯಲ್ಲಿ ಅವು 150ರ ಆಸುಪಾಸು ಇವೆ. ನಾವಿದ್ದ ದೋಣಿಯಿಂದ ದೂರದಲ್ಲಿ ಒಂದು ಜೋಡಿ ಬೆನ್ನು ಎತ್ತಿ ಮುಳುಗಿತು. ಪ್ರವಾಸಿಗರ ದೋಣಿ ಎರಡು ಮೂರು ಅದರ ಹಿಂದೆ ಹೊರಟವು. ಮೌಸಾಗೆ ಕೋಪ ಬಂತು. ಎಂಜಿನ್ ಆರಿಸಿ ಅಂತ ಅಲ್ಲಿಂದಲೇ ಕೂಗಿದರು. ಮೇಲೆ ತೇಲುವ ಡೀಸೆಲ್ ಪೊರೆ, ಸದ್ದು, ಹರಿದ ನೈಲಾನ್ ಬಲೆ. ಡಾಲ್ಫಿನ್‌ಗೆ ಕೆಟ್ಟದ್ದು ಮೀನಿಗೂ ಕೆಟ್ಟದ್ದೇ.

ಮೌಸಾ ತಮ್ಮ ಯೌವನದ ಚಿಲಿಕಾ ಬಗ್ಗೆ ಇವತ್ತು ಮಾತಾಡಿದರು. ಈ ಕರಾವಳಿಯಲ್ಲಿ ಮರಳು ದಡದ ಗುಂಟ ಉತ್ತರಕ್ಕೆ ಸಾಗುತ್ತಲೇ ಇರುತ್ತದೆ. ಅದರ ಜತೆ ಅಳಿವೆಯೂ ಸರಿಯುತ್ತಾ, ಕಿರಿದಾಗುತ್ತಾ, ಕೊನೆಗೆ ಲಗೂನ್‌ನಿಂದ ಸುಮಾರು 30 ಕಿ.ಮೀ. ದೂರ ಹೋಗಿತ್ತು. ಉಪ್ಪುನೀರು ಒಳಗೆ ಬರುವುದು ಕಮ್ಮಿಯಾಯಿತು. ಸಿಹಿನೀರಿನ ಕಳೆ ಎಲ್ಲೆಡೆ ಹಬ್ಬಿತು. ಬಲೆ ಹಾಕಿದರೆ ಕಳೆಯೇ ಬರುತ್ತಿತ್ತು ಅಂದರು. 1981ರಲ್ಲಿ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್ಸಾರ್ ಪಟ್ಟಿ ಸೇರಿದ್ದ ಚಿಲಿಕಾ, 1993ರಲ್ಲಿ ಅಪಾಯದಲ್ಲಿರುವ ತಾಣಗಳ ಮಾಂಟ್ರೊ ದಾಖಲೆಗೂ ಸೇರಬೇಕಾಯಿತು.

ಚಿಲಿಕಾ ಅಭಿವೃದ್ಧಿ ಪ್ರಾಧಿಕಾರ ಪುಣೆಯ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಿಂದ ನೀರಿನ ಹರಿವಿನ ಅಧ್ಯಯನ ಮಾಡಿಸಿತು. 2000ದ ಸೆಪ್ಟೆಂಬರ್ 23ರಂದು ಸಿಪಾಕುಡಾ ಬಳಿ ಮರಳಿನ ಪಟ್ಟಿ ಸೀಳಿ ಹೊಸ ಅಳಿವೆ ತೆರೆದರು. ಸಮುದ್ರದ ದಾರಿ 18 ಕಿ.ಮೀ. ಕಮ್ಮಿಯಾಯಿತು. 2002ರಲ್ಲಿ ಚಿಲಿಕಾ ಆ ದಾಖಲೆಯಿಂದ ಹೊರಬಂತು, ಏಷ್ಯಾದಲ್ಲಿ ಹಾಗೆ ಹೊರಬಂದ ಮೊದಲ ತಾಣ. "ಆ ವರ್ಷ ಸೀಗಡಿ ಬಂತು ನೋಡು ಬಾಬು, ಬಲೆ ಎತ್ತಲಾಗುತ್ತಿರಲಿಲ್ಲ" ಅಂದರು ಮೌಸಾ. ತಂಡದ ಹುಡುಗ ಒಡಿಯಾದಿಂದ ಹಿಂದಿಗೆ ಹೇಳುತ್ತಿದ್ದ, ಆದರೆ ಮೌಸಾ ಎರಡೂ ಕೈ ಅಗಲಿಸಿ ತೋರಿಸಿದ್ದರಲ್ಲಿಯೇ ಎಲ್ಲ ಅರ್ಥವಾಗಿತ್ತು.

ಆದರೆ ಅಳಿವೆ ಒಮ್ಮೆ ತೆರೆದರೆ ಹಾಗೇ ಉಳಿಯುವುದಿಲ್ಲ. ಮರಳು ನಿಲ್ಲುವುದಿಲ್ಲ. 2019ರ ಮೇ 3ರ ಫಣಿ ಚಂಡಮಾರುತ ಮರಳಿನ ಪಟ್ಟಿಯನ್ನು ಇನ್ನೂ ಕೆಲವು ಕಡೆ ಕೊರೆದು ಹೊಸ ಬಾಯಿಗಳನ್ನು ಮಾಡಿತು. ಸಮುದ್ರದ ನೀರು ಜಾಸ್ತಿ ಬಂದರೂ ಒಳಗಿರುವ ಮೀನಿನ ಜಾತಿಗಳು ಬದಲಾಗುತ್ತವೆ. ಹಾಗಾಗಿಯೇ ತಿಂಗಳು ತಿಂಗಳು ಉಪ್ಪು ಅಳೆಯುವುದು.

ಉಬ್ಬರದ ಹೊತ್ತಿಗೆ ಕಾಲುವೆಯಲ್ಲಿ ಮಾದರಿ ತೆಗೆದೆವು. ನೀರು ತಿಳಿ, ತಂಪು, ಕಡಲಿನ ಉಪ್ಪು. ಇಲ್ಲಿ ಸಿಕ್ಕ ಖಯಿಂಗಾದ ಕಿವಿರು ಕಡುಕೆಂಪಾಗಿತ್ತು. ಈ ಮೀನು ಲಗೂನ್ ಒಳಗೆ ತಿಂದು ಬೆಳೆಯುತ್ತದೆ. ಮೊಟ್ಟೆ ಹಾಕಲು ಮಾತ್ರ ಮಳೆಗಾಲ ಮುಗಿದ ಮೇಲೆ ಇದೇ ಕಾಲುವೆ ದಾಟಿ ಸಮುದ್ರಕ್ಕೆ ಹೋಗಬೇಕು. ಮರಿಗಳು ಇದೇ ದಾರಿಯಲ್ಲಿ ಒಳಗೆ ಬರಬೇಕು. ಕಾಲುವೆಯ ಎರಡೂ ಬದಿಗೆ ಸಣ್ಣ ಕಣ್ಣಿನ ಬಲೆಗಳ ಸಾಲು ನಿಂತಿತ್ತು. ಸೊಳ್ಳೆಯೂ ದಾಟಲಾಗದ ಬಲೆ ಅದು, ಇಲ್ಲಿ ಜೀರೋ ನೆಟ್ ಅನ್ನುತ್ತಾರೆ. ಹೋಗುವ ತಾಯಿಗೂ ಬರುವ ಮರಿಗೂ ಅದೇ ಅಡ್ಡಿ. ಅಷ್ಟು ಖರ್ಚು ಮಾಡಿ ಅಳಿವೆ ತೆರೆದು, ಅದರ ಬಾಯಲ್ಲೇ ಬಲೆ ಕಟ್ಟಲು ಬಿಡುವುದು ಯಾವ ನ್ಯಾಯ? ಬಲೆ ಹಾಕುವವನು ಹೊಟ್ಟೆಪಾಡಿಗೆ ಹಾಕುತ್ತಾನೆ, ಅದೂ ನಿಜ. ಖಯಿಂಗಾ ಸಮುದ್ರಕ್ಕೆ ಹೋಗಿ ಬರುವ ತಿಂಗಳುಗಳಲ್ಲಿ ಈ ಕಾಲುವೆ ಖಾಲಿ ಇರಬೇಕು, ಆ ತಿಂಗಳುಗಳಲ್ಲಿ ಅವನ ಮನೆಗೆ ಅಕ್ಕಿ ಬೇಕು. ಎರಡನ್ನೂ ಒಟ್ಟಿಗೆ ಮಾಡದೆ ದಾರಿಯಿಲ್ಲ.

ಸಂಜೆ ದಡದಲ್ಲಿ ಕೂತು ತಂಗಿ ಒಂದು ನೋಟ್‌ಪುಸ್ತಕ ತೆಗೆದಳು. ಮೀನುಗಾರರೇ ಬರೆಯಲು ಒಡಿಯಾದಲ್ಲಿ ಗೆರೆ ಹಾಕಿದ ಪುಸ್ತಕ. ದಿನಾಂಕ, ಜಾಗ, ಬಲೆಯ ಕಣ್ಣಿನ ಅಳತೆ, ಎಷ್ಟು ಮೀನು ಹಿಡಿದದ್ದು, ಅದರಲ್ಲಿ ಹುಣ್ಣು ಇದ್ದದ್ದು ಎಷ್ಟು, ಸತ್ತು ತೇಲಿದ್ದು ಏನಾದರೂ ಇತ್ತಾ. ತಂಡ ತಿಂಗಳಿಗೊಮ್ಮೆ ಬರುತ್ತದೆ, ಮೀನುಗಾರ ದಿನಾ ನೀರಿಗೆ ಇಳಿಯುತ್ತಾನೆ. ಮೌಸಾ ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಓದಿದರು. ನೀರಿನ ಬಣ್ಣಕ್ಕೂ ವಾಸನೆಗೂ ಜಾಗ ಇಲ್ಲವಲ್ಲ ಅಂತ ಕೇಳಿದರು. ಮೀನು ಸಾಯುವ ಮೊದಲು ತಮಗೆ ತಿಳಿಯುವುದು ಅದರಿಂದಲೇ ಅಂದರು. ತಂಗಿ ಸ್ಕೇಲು ಹಿಡಿದು ಪ್ರತಿ ಹಾಳೆಯಲ್ಲೂ ಇನ್ನೆರಡು ಗೆರೆ ಎಳೆದಳು. ಹಾಳೆಗಳು ಬಹಳ ಇದ್ದವು, ಅರ್ಧ ಪುಸ್ತಕಕ್ಕೆ ನಾನೂ ಎಳೆದೆ.